ಅಲುಗದ ಚಕ್ಕು

ಮಾರ್ಚ್ ೪, ಸೋಮವಾರ

ಬಂದು ತಲುಪಿದೆ. ಬಸ್ಸಿನವನು ಊರ ಹೊರಗೇ ಇಳಿಸಿ ಹೋದ. ಒಳಗೆ ತಿರುಗಿಸಿಕೊಳ್ಳಲು ಜಾಗವಿಲ್ಲವಂತೆ. ಓಡಿಸಲು ಬಾರದವನಿಗೆ ಮೈದಾನ ಕೊಟ್ಟರೂ ಸಾಲದು. ಬ್ಯಾಗು ಹೊತ್ತುಕೊಂಡು ನಡೆದೆ.

ಫೋನಿನಲ್ಲಿ ಅತ್ತಿದ್ದ ಅಕ್ಕ ಬಾಗಿಲಲ್ಲಿ ನಗುತ್ತ ನಿಂತಿದ್ದಳು. ಅಳುವುದಕ್ಕೆ ಕಾರಣ ಗಂಡ, ನಗುವುದಕ್ಕೆ ಕಾರಣ ನಾನು. ಮದುವೆಯಾದಂದಿನಿಂದ ಇದೇ ವ್ಯವಸ್ಥೆ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಅವನ ಲೇತು ನಿಂತುಹೋಗಿ ತಿಂಗಳುಗಳೇ ಆದವಂತೆ. ಚಕ್ಕು ಹಿಡಿದುಕೊಂಡಿದೆ, ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಇಷ್ಟಕ್ಕೇ ಮಹಾಶಯ ಕೆಲಸ ಬಿಟ್ಟು ಮಂಚದ ಮೇಲೆ ಗೋಡೆ ನೋಡುತ್ತ ಮಲಗಿದ್ದಾನೆ.

ಇಷ್ಟು ವರ್ಷ ಲೇತಿನವನ ಜೊತೆ ಸಂಸಾರ ಮಾಡಿದ ಅಕ್ಕನಿಗೆ ಚಕ್ಕು ಎಂದರೇನೆಂದು ಗೊತ್ತಿಲ್ಲ. ಅದು ಲೇತಿನ ಮುಷ್ಟಿ ಎಂದು ಹೇಳಿಕೊಟ್ಟೆ. ಕೀ ಹಾಕಿ ತಿರುಗಿಸಿದರೆ ಮೂರು ದವಡೆ ಒಟ್ಟಿಗೆ ಒಳಗೆ ಬಂದು ಕಬ್ಬಿಣದ ತುಂಡನ್ನು ಕಚ್ಚಿ ಹಿಡಿಯುತ್ತವೆ. ಆಮೇಲೆ ಲೇತು ತಿರುಗುತ್ತದೆ, ಟೂಲು ಕೊರೆಯುತ್ತದೆ. ಮುಷ್ಟಿ ಮರಗಟ್ಟಿದರೆ ಲೇತು ಬರೀ ಒಂದು ಭಾರವಾದ ಮೇಜು. ಅಕ್ಕ ತಲೆಯಾಡಿಸಿ, ಊಟಕ್ಕೆ ಏನು ಮಾಡಲಿ ಎಂದು ಕೇಳಿದಳು.

ನಾನೇನು ಕೆಲಸವಿಲ್ಲದೆ ಬಂದವಳಲ್ಲ. ಕಾರ್ಖಾನೆಯವರು ಟೂಲ್‌ರೂಮ್ ಮುಚ್ಚಿ ನನ್ನನ್ನು ಮನೆಗೆ ಕಳಿಸಿದ್ದು ನಿಜ. ಹಾಗೆಂದು ನನ್ನ ಕೋಣೆಯಲ್ಲಿ ಕೆಲಸಕ್ಕೇನೂ ಬರವಿಲ್ಲ. ಕಿಟಕಿಯ ಚಿಲಕವೊಂದನ್ನೇ ಎಷ್ಟು ಸಲ ಬಿಚ್ಚಿ ಕೂಡಿಸಿದ್ದೇನೋ. ಶನಿವಾರದೊಳಗೆ ಇದನ್ನು ಮುಗಿಸಿ ಹೊರಡುವುದು.

ಮಾರ್ಚ್ ೫, ಮಂಗಳವಾರ

ಶೆಡ್ಡು ನೋಡಿದೆ. ನೋಡಬಾರದಿತ್ತು. ಸ್ಪ್ಯಾನರು ಇರುವ ಜಾಗದಲ್ಲಿ ಬನಿಯನ್ನು, ಬನಿಯನ್ನು ಇರುವ ಜಾಗದಲ್ಲಿ ಎಣ್ಣೆ ಡಬ್ಬಿ. ಚಕ್ಕಿನ ಮೇಲೆ ಕಪ್ಪು ಗ್ರೀಸು, ಅದಕ್ಕೆ ಮೆತ್ತಿಕೊಂಡ ಕಬ್ಬಿಣದ ಪುಡಿ. ನಮ್ಮ ಟೂಲ್‌ರೂಮಿನಲ್ಲಿ ಯಾರಾದರೂ ಚಕ್ಕನ್ನು ಈ ಗತಿಗೆ ತಂದಿದ್ದರೆ ಅವರನ್ನು ಅಂದೇ ಗೇಟಿನಾಚೆ ನಿಲ್ಲಿಸುತ್ತಿದ್ದೆ.

ಮಹಾಶಯ ಎದ್ದು ಬಂದ. ನನ್ನನ್ನು ಕಂಡರೆ "ಇನ್‌ಸ್ಪೆಕ್ಟರಮ್ಮ" ಅನ್ನುವ ಹಳೇ ತಮಾಷೆ ಇನ್ನೂ ಬಿಟ್ಟಿಲ್ಲ. ಅದರ ಪಾಡಿಗೆ ಅದನ್ನು ಬಿಡು, ಹಳೇ ಯಂತ್ರ, ಗುಜರಿಯವನಿಗೆ ಕೊಟ್ಟುಬಿಡುವುದೇ ವಾಸಿ ಎಂದ. ಹಲ್ಲು ನೋವೆಂದು ತಲೆ ತೆಗೆಸಿಕೊಳ್ಳುವ ಜಾತಿ. ಮಾತಾಡುವಾಗ ಮುಖ ನೋಡುವುದೂ ಇಲ್ಲ. ನನ್ನ ಕಿವಿಯ ಕಡೆ ನೋಡುತ್ತಾನೆ. ಕಳ್ಳರ ಲಕ್ಷಣ.

ಚಕ್ಕು ಕೆಳಗಿಳಿಸಿದೆವು. ಕೈ ಜಾರಿ ಬಿದ್ದರೆ ಲೇತಿನ ನುಣುಪು ಮೈಗೆ ಪೆಟ್ಟಾಗದಿರಲೆಂದು ಕೆಳಗೆ ಹಲಗೆ ಇಡಲು ಹೇಳಿದರೆ, ಒಂದು ಗೇಣು ಆಚೆ ಇಟ್ಟ. ನಾನೇ ಕಾಲಿನಿಂದ ತಳ್ಳಿ ಸರಿಮಾಡಿದೆ. ಹಿಂದಿನ ಬೋಲ್ಟುಗಳಿಗೆ ಸ್ಪ್ಯಾನರು ಕೇಳಿದರೆ, ಅದು ಕಣ್ಣೆದುರಿಗೇ ಬಿದ್ದಿದ್ದರೂ ಮೇಜಿನ ಮೇಲೆಲ್ಲ ತಡಕಾಡಿದ. ಸೋಮಾರಿತನ ಮೈಗೆ ಹತ್ತಿದರೆ ಕಣ್ಣಿಗೂ ಹತ್ತುತ್ತದೆ.

ಭಾರ ಮಾತ್ರ ತಾನೇ ಹೊತ್ತ. ಎತ್ತಿಗೆ ಅದಾದರೂ ಬರಬೇಕಲ್ಲ.

ಮಾರ್ಚ್ ೭, ಗುರುವಾರ

ಎರಡು ದಿನ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟರೂ ಅಲುಗಲಿಲ್ಲ. ಒಣಗಿದ ಗ್ರೀಸಾಗಿದ್ದರೆ ಇಷ್ಟು ಹೊತ್ತಿಗೆ ಕರಗಬೇಕಿತ್ತು. ತುಕ್ಕಾಗಿದ್ದರೆ ಕಿರುಗುಟ್ಟುವ ಸದ್ದಾದರೂ ಬರಬೇಕಿತ್ತು. ಇದು ಕಲ್ಲಿನ ಹಾಗೆ ಕೂತಿದೆ.

ಗಿರಣಿಯವನು ಬಂದಿದ್ದ. ಅವನ ಹಿಟ್ಟಿನ ಗಿರಣಿಯಲ್ಲಿ ಕಲ್ಲು ತಿರುಗಿಸುವ ಶಾಫ್ಟು ಸವೆದು, ವೆಲ್ಡಿಂಗ್ ತುಂಬಿಸಿ ಇಲ್ಲಿ ತಂದು ಮಲಗಿಸಿದ್ದಾನೆ. ಅದನ್ನು ಲೇತಿನಲ್ಲಿ ಅಳತೆಗೆ ಇಳಿಸಿ ಕೊಡುವವರೆಗೆ ಗಿರಣಿ ಬಂದ್. ಜನ ಕಾಳು ಹೊತ್ತು ಪಕ್ಕದೂರಿಗೆ ಹೋಗುತ್ತಿದ್ದಾರೆ, ಒಮ್ಮೆ ಹೋದವರು ಮತ್ತೆ ನನ್ನ ಬಾಗಿಲಿಗೆ ಬರುತ್ತಾರೆಯೇ ಎಂದು ಗೋಳಾಡಿದ. ಬೇರೆ ಲೇತಿಗೆ ಏಕೆ ಕೊಡಲಿಲ್ಲ ಎಂದು ಕೇಳಿದೆ. ತನ್ನ ಶಾಫ್ಟಿಗೆ ಮಹಾಶಯನ ಕೈಯೇ ಆಗಬೇಕಂತೆ. ಗಿರಾಕಿಗಳು ಇಷ್ಟು ದಡ್ಡರಾದರೆ ಕೆಲಸಗಾರರು ಹಾಳಾಗದೆ ಏನಾಗುತ್ತಾರೆ?

ಮಹಾಶಯ ಅವನಿಗೆ ಚಹಾ ಬಗ್ಗಿಸಲು ಹೋಗಿ ಲೋಟದ ಹೊರಗೆ ಸುರಿದ. ಅಕ್ಕ ಒರೆಸಿದಳು. ಬೆಳಿಗ್ಗೆ ಪೇಪರನ್ನೂ ಅವಳೇ ಓದಿ ಹೇಳುತ್ತಾಳೆ. ದೊರೆಗಳು ಕಣ್ಣು ಮುಚ್ಚಿ ಹೂಂಗುಟ್ಟುತ್ತಾರೆ.

ಮಾರ್ಚ್ ೮, ಶುಕ್ರವಾರ

ಅಲುಗಲಿಲ್ಲ. ಕೀ ಹಿಡಿ ಬಾಗಿತು.

ಮಾರ್ಚ್ ೯, ಶನಿವಾರ

ಹಿಂಬದಿಯ ಮುಚ್ಚಳ ಬಿಚ್ಚಿದೆ. ಕೀ ತಿರುಗಿಸುವ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರಗಳು ಸುಲಭವಾಗಿ ಹೊರಗೆ ಬಂದವು. ಅವಕ್ಕೇನೂ ಆಗಿಲ್ಲ. ಹಿಡಿದುಕೊಂಡಿರುವುದು ನಡುವಿನ ಸುರುಳಿ ತಟ್ಟೆ, ಮೂರು ದವಡೆಗಳನ್ನೂ ಒಟ್ಟಿಗೆ ನಡೆಸುವುದು ಅದೇ. ಮರದ ಸುತ್ತಿಗೆಯಿಂದ ಬಡಿದರೂ ಜಗ್ಗಲಿಲ್ಲ.

ಟಾರ್ಚು ಹಿಡಿದು, ದವಡೆ ಜಾರುವ ಸೀಳಿನೊಳಗೆ ಮೊನೆಯ ಕಡ್ಡಿ ಹಾಕಿ ಕೆರೆದೆ. ಮೇಲೆ ಗ್ರೀಸು, ಪುಡಿ. ಅದರ ಕೆಳಗೆ ಹಳದಿ ಬಣ್ಣದ ಗಟ್ಟಿ ಪದಾರ್ಥ. ಮೂಸಿದೆ. ಹಲ್ಲಿನಲ್ಲೂ ಕಚ್ಚಿ ನೋಡಿದೆ. ಎರಡು ಟ್ಯೂಬಿನಿಂದ ಹಿಂಡಿ ಕಲೆಸಿ ಹಚ್ಚುವ ಗೋಂದು. ಕಬ್ಬಿಣಕ್ಕೆ ಕಬ್ಬಿಣ ಅಂಟಿಸುವಂಥದು.

ಒಂದು ಸೀಳಿನಲ್ಲಿ ಮಾತ್ರ ಇದ್ದಿದ್ದರೆ ಏನೋ ಅಂಟಿಸುವಾಗ ಚೆಲ್ಲಿತು ಅನ್ನಬಹುದಿತ್ತು. ಮೂರರಲ್ಲೂ ಇದೆ. ಯಾರೋ ಬೇಕೆಂದೇ ಹಾಕಿದ್ದಾರೆ. ಹಾಕಿದ ಮೇಲೆ, ನಿರ್ಲಕ್ಷ್ಯದಿಂದ ಕೆಟ್ಟಂತೆ ಕಾಣಲಿ ಎಂದು ಗ್ರೀಸು ಬಳಿದು ಪುಡಿ ಉದುರಿಸಿದ್ದಾರೆ. ಆ ಶೆಡ್ಡಿನ ಬೀಗದ ಕೈ ಇರುವುದು ಒಬ್ಬನ ಹತ್ತಿರ. ಜೀವನದಲ್ಲಿ ಅವನು ಅಚ್ಚುಕಟ್ಟಾಗಿ ಮಾಡಿರುವ ಕೆಲಸ ಇದೊಂದೇ ಇರಬೇಕು.

ಸಂಜೆ ಇನ್ನೊಂದು ಸಂಗತಿ ತಿಳಿಯಿತು. ಗುಜರಿಯವನಿಗೆ ಸೋಮವಾರ ಬರಲು ಹೇಳಿದ್ದಾನೆ. ಅಕ್ಕನಿಗೆ ತಿಳಿಸಿಲ್ಲ. ದುಡಿಯುವುದು ತಪ್ಪಲಿ ಎಂದು ತನ್ನ ಯಂತ್ರದ ಬಾಯಿಗೆ ತಾನೇ ಅಂಟು ಹಾಕಿದವನನ್ನು ಏನೆಂದು ಕರೆಯಬೇಕು? ಮಹಾಶಯ ಎನ್ನುವ ಮಾತೂ ಇವನಿಗೆ ದುಬಾರಿ.

ಇವತ್ತು ಹೊರಡಬೇಕಿತ್ತು. ಇದನ್ನು ಬಿಚ್ಚದೆ ಹೋಗುವುದಿಲ್ಲ.

ಮಾರ್ಚ್ ೧೦, ಭಾನುವಾರ

ಈ ಗೋಂದು ಬಿಸಿಗೆ ಮೆತ್ತಗಾಗುತ್ತದೆ. ಅಕ್ಕನ ಅತಿ ದೊಡ್ಡ ಪಾತ್ರೆ ತೆಗೆದುಕೊಂಡು, ಹಿತ್ತಿಲಲ್ಲಿ ಒಲೆ ಹಾಕಿ ಚಕ್ಕನ್ನು ಕುದಿಯಲು ಇಟ್ಟೆ. ಆ ಪಾತ್ರೆಯಲ್ಲಿ ಇನ್ನು ಯಾರು ಅಡುಗೆ ಮಾಡುತ್ತಾರೆ ಎಂದು ಅಕ್ಕ ರಂಪ ಮಾಡಿದಳು. ನಿನ್ನ ಗಂಡ ತೊಳೆಯುತ್ತಾನೆ ಎಂದೆ. ಅವಳು ಸಿಟ್ಟಾಗಿ ಅಂಗಡಿಗೆ ಹೊರಟುಹೋದಳು. ನನಗೂ ಅದೇ ಬೇಕಿತ್ತು.

ನೀರು ಚೆನ್ನಾಗಿ ಕುದಿದ ಮೇಲೆ ಚಿಂದಿ ಬಟ್ಟೆ ಸುತ್ತಿ ಚಕ್ಕನ್ನು ಎತ್ತಿ, ಬೋರಲು ಮಾಡಿ, ಹಿತ್ತಾಳೆಯ ಕಂಬಿಯಿಟ್ಟು ಬಡಿದೆ. ನಾಲ್ಕು ಪೆಟ್ಟಿಗೆ ಸುರುಳಿ ತಟ್ಟೆ ಠಣ್ಣೆಂದು ಕೆಳಗೆ ಬಿತ್ತು. ಅದರ ಏಣುಗಳ ನಡುವೆ ಹಳದಿ ಗೋಂದು ಹರಳಿನ ಹಾಗೆ ಕೂತಿತ್ತು. ಮಹಾಶಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಸದ್ದು ಕೇಳಿಯೇ ಗೊತ್ತಾಯಿತು ಅವನಿಗೆ.

ತಟ್ಟೆಯನ್ನು ಅವನ ಮುಖದ ಮುಂದೆ ಹಿಡಿದು, ಏನಿದು ಎಂದು ಕೇಳಿದೆ. ಅವನು ಅದನ್ನು ನೋಡಲಿಲ್ಲ. ಕೈ ಚಾಚಿದ, ಹೆಬ್ಬೆರಳಿನಿಂದ ಸವರಿದ, ಅಲ್ಲೇ ಮೆಟ್ಟಿಲ ಮೇಲೆ ಕೂತ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಸೋಮಾರಿ ಎಂದೆ, ಹೆಂಡತಿಯ ಕಣ್ಣಿಗೆ ಮಣ್ಣೆರಚುವವನು ಎಂದೆ. ಇನ್ನೂ ಅಂದೆ. ಬರೆಯುವುದಿಲ್ಲ.

ಎಲ್ಲ ಮುಗಿದ ಮೇಲೆ ಅವನು ಕೇಳಿದ: "ನಿನ್ನ ಹಣೆ ಮೇಲೆ ಮಸಿ ಆಗಿದೆಯಾ?"

ನಾನು ಮುಟ್ಟಿ ನೋಡಿಕೊಂಡೆ. ಆಗಿತ್ತು.

"ಅದು ಕಾಣುತ್ತೆ. ನಿನ್ನ ಕಿವಿ ಕಡೆ ನೋಡಿದ್ರೆ ಹಣೆ ಕಾಣುತ್ತೆ. ನೇರ ನಿನ್ನ ಮುಖ ನೋಡಿದ್ರೆ ಮುಖ ಇರಲ್ಲ. ನಡೂಮಧ್ಯೆ ಒಂದು ಬೂದಿ ಬಣ್ಣ, ಅಷ್ಟೇ."

ಒಂದು ವರ್ಷದಿಂದ ಹೀಗಂತೆ. ಮೊದಲು ಅಳತೆಯ ಗೆರೆಗಳು ಬಾಗಿದವು, ಆಮೇಲೆ ಮಾಯವಾದವು. ಆದರೂ ಕೈ ಅಂದಾಜಿನಲ್ಲಿ ಕೆಲಸ ನಡೆಸಿದ. ಒಂದು ಬೆಳಿಗ್ಗೆ ಚಕ್ಕಿನಲ್ಲೇ ಕೀ ಬಿಟ್ಟು ಮೋಟರು ಹಾಕಿದ. ನೋಡಿದ್ದ, ಆದರೆ ಕೀ ಇದ್ದದ್ದು ಆ ಬೂದಿಯೊಳಗೆ. ಅದು ಚಿಮ್ಮಿ, ಚಹಾ ತಂದು ನಿಂತಿದ್ದ ಅಕ್ಕನ ತಲೆಯ ಪಕ್ಕ ಹಾದು ತಗಡು ತೂತು ಮಾಡಿಕೊಂಡು ಆಚೆ ಬಿತ್ತು. ಬೆಲ್ಟು ಕಿತ್ತುಬಂತು ಎಂದು ಅಕ್ಕನಿಗೆ ಸುಳ್ಳು ಹೇಳಿದ. ಮಾರನೇ ದಿನವೇ ಗೋಂದು ತಂದ.

ಹೇಳಬಹುದಿತ್ತಲ್ಲ ಎಂದೆ.

"ಹೇಳಿದ್ರೆ ಕೂರಿಸಿಬಿಡ್ತಾರೆ. ಯಂತ್ರ ಕೆಟ್ಟು ಕೂತವನು ಬೇರೆ, ಕಣ್ಣು ಕೆಟ್ಟು ಕೂತವನು ಬೇರೆ." "ಗೋಂದು ಹಾಕದೆ ಇದ್ದಿದ್ರೆ ನಾನು ಮತ್ತೆ ಮೋಟರು ಹಾಕ್ತಿದ್ದೆ. ನನಗೆ ನನ್ನ ಗುರುತು ಇದೆ," ಎಂದ.

ಹೇಡಿ. ಎಷ್ಟು ಸುತ್ತಿ ನೋಡಿದರೂ ಇದು ಹೇಡಿತನವೇ. ಕಣ್ಣಿನ ಡಾಕ್ಟರ ಬಳಿ ಹೋಗುವುದು ಬಿಟ್ಟು ಗೋಂದಿನಂಗಡಿಗೆ ಹೋದವನು. ಆದರೆ ಆ ತೂತನ್ನು ಹೋಗಿ ನೋಡಿದೆ. ಅಕ್ಕನ ಎತ್ತರಕ್ಕೇ ಇದೆ.

ಮಾರ್ಚ್ ೧೨, ಮಂಗಳವಾರ

ನಿನ್ನೆ ಗುಜರಿಯವನು ಗಾಡಿ ತಂದ. ತಕ್ಕಡಿಯಲ್ಲಿ ತೂಗಿ ಒಯ್ಯಲು ಇದೇನು ಈರುಳ್ಳಿಯೇ ಎಂದು ಕೇಳಿ ಕಳಿಸಿದೆ. ಯಾರು ಅವನು ಎಂದು ಅಕ್ಕ ವಿಚಾರಿಸಿದಳು. ದಾರಿ ತಪ್ಪಿ ಬಂದವನು ಎಂದೆ. ಈ ಮನೆಯ ಸುಳ್ಳುಗಳಿಗೆ ನನ್ನದೂ ಒಂದು ಸೇರಿತು. ನನಗಿದು ಹಿಡಿಸುವುದಿಲ್ಲ. ಭಾವನಿಗೆ ಸ್ಪಷ್ಟವಾಗಿ ಹೇಳಿದ್ದೇನೆ: ಈ ವಾರದೊಳಗೆ ಅಕ್ಕನಿಗೆ ನೀವೇ ಹೇಳಬೇಕು, ಇಲ್ಲದಿದ್ದರೆ ನಾನು ಹೇಳುತ್ತೇನೆ, ನಾನು ಹೇಳಿದರೆ ಚೆನ್ನಾಗಿರುವುದಿಲ್ಲ.

ಇವತ್ತಿಡೀ ತೊಳೆಯುವ ಕೆಲಸ. ತಟ್ಟೆಯ ಸುರುಳಿಯಲ್ಲಿ ಅಂಟಿದ್ದನ್ನು ಬಿಸಿ ಮಾಡುತ್ತ ಹಿತ್ತಾಳೆ ಚೂರಿನಿಂದ ಕೆರೆದು ತೆಗೆದೆ. ಉಕ್ಕಿನಿಂದ ಕೆರೆದರೆ ಗೀರು ಬೀಳುತ್ತದೆ. ಭಾವ ಪಕ್ಕದಲ್ಲಿ ಕೂತು ಸೀಮೆಎಣ್ಣೆಯಲ್ಲಿ ದವಡೆಗಳನ್ನು ಬ್ರಷ್ಷಿನಿಂದ ಉಜ್ಜಿದರು. ನಾನು ಶುದ್ಧವಾಗಿದೆ ಎಂದು ಆಚೆ ಇಟ್ಟದ್ದನ್ನೂ ಎತ್ತಿಕೊಂಡು, ಉಗುರು ಹಾಕಿ ಮೂಲೆಯಲ್ಲಿ ಉಳಿದ ಪುಡಿ ಹುಡುಕಿ ಮತ್ತೆ ಉಜ್ಜಿದರು. ಅತಿರೇಕ. ನಾನು ಇಪ್ಪತ್ತೆಂಟು ವರ್ಷ ತಪಾಸಣೆ ಮಾಡಿದವಳು.

ದವಡೆಗಳನ್ನು ಒಂದು, ಎರಡು, ಮೂರು ಎಂಬ ಕ್ರಮದಲ್ಲೇ ಹಾಕಬೇಕು. ತಪ್ಪಿದರೆ ಮೂರೂ ನಡುವಿನಲ್ಲಿ ಕೂಡುವುದಿಲ್ಲ. ಅವುಗಳ ಮೇಲೆ ಕೊರೆದ ಅಂಕಿಗಳು ಸವೆದು ನನಗೇ ಕಾಣಲಿಲ್ಲ, ಬೆಳಕು ಸಾಲದು ಆ ಶೆಡ್ಡಿನಲ್ಲಿ. ಭಾವ ಬೆರಳಾಡಿಸಿ ಕ್ರಮವಾಗಿ ಕೈಗೆ ಕೊಟ್ಟರು. ಕೂಡಿಸಿ ಕೀ ತಿರುಗಿಸಿದೆ. ಬೆಣ್ಣೆಯಲ್ಲಿ ನಡೆದ ಹಾಗೆ ನಡೆದವು.

ಚಕ್ಕು ಇರಬೇಕಾದದ್ದೇ ಹಾಗೆ.

ಮಾರ್ಚ್ ೧೪, ಗುರುವಾರ

ಊಟದ ನಡುವೆ ಭಾವ ಹೇಳಿಬಿಟ್ಟರು. ಹೇಳಿದ್ದೂ ಹೇಗೆ! ಸಾರಿಗೆ ಉಪ್ಪು ಕಡಿಮೆ ಎನ್ನುವ ದನಿಯಲ್ಲಿ. ಕಣ್ಣು ಹೋಗುತ್ತಿದೆ, ಕೀ ಹಾರಿದ್ದು ನನ್ನಿಂದ, ಚಕ್ಕಿಗೆ ಗೋಂದು ಹಾಕಿದ್ದೂ ನಾನೇ. ಮೂರೂ ಒಂದೇ ಉಸಿರಿಗೆ. ನಾಟಕ ಬೇಡ ಸರಿ, ಆದರೆ ಇಷ್ಟು ಒಣಕಲೇ?

ಅಕ್ಕ ಅಳಲಿಲ್ಲ. ಕೈ ತೊಳೆದು ಬಂದಳು. ಬಾಗಿಲ ಬಳಿಯಿದ್ದ ಸ್ಟೂಲು ಎತ್ತಿ ಗೋಡೆಗೆ ಒತ್ತರಿಸಿದಳು. ನಡುಮನೆಯ ನೀರಿನ ಬಕೆಟ್ಟು ಮೂಲೆಗೆ ಹೋಯಿತು. ಮಂಚದ ಕೆಳಗಿಂದ ಚಾಚಿಕೊಂಡಿದ್ದ ಟ್ರಂಕು ಒಳಗೆ ಹೋಯಿತು. ಬರೀ ಎಳೆದಾಡುವ ಸದ್ದು. ಭಾವ ತಟ್ಟೆಯ ಮುಂದೆ ಕೂತೇ ಇದ್ದರು. ಪ್ರತಿ ಸದ್ದಿಗೂ ಅವರ ತಲೆ ಒಂದಿಷ್ಟು ತಗ್ಗಿತು.

ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಅವರಿಗೆ ಈ ಮನೆಯಲ್ಲಿ ಸ್ಟೂಲು ಎಲ್ಲಿದೆ ಅಂತ ಗೊತ್ತು. ನೀನು ಈಗ ಎಲ್ಲಾ ಬದಲಾಯಿಸಿದ್ರೆ ನಾಳೆ ಬೀಳ್ತಾರೆ," ಎಂದೆ.

ಅಕ್ಕ ಬಕೆಟ್ಟು ಹಿಡಿದು ನಿಂತಳು. ಆಮೇಲೆ ಒಂದೊಂದಾಗಿ ಎಲ್ಲವನ್ನೂ ತಂದು ಮೊದಲಿದ್ದಲ್ಲೇ ಇಟ್ಟಳು. ಇಟ್ಟು ಮುಗಿಸಿ ಗಂಡನ ಮುಂದೆ ಕೂತು ಕೇಳಿದಳು: "ನನ್ನ ಮುಖ ಕೊನೇ ಸಲ ಸರಿಯಾಗಿ ನೋಡಿದ್ದು ಯಾವಾಗ?"

ನಾನು ಎದ್ದು ಹಿತ್ತಿಲಿಗೆ ಬಂದೆ. ಗಂಡಹೆಂಡಿರ ಹುಚ್ಚಾಟ ನೋಡಲು ನಾನು ಬಂದದ್ದಲ್ಲ. ಆ ದೊಡ್ಡ ಪಾತ್ರೆ ಅಲ್ಲೇ ಬಿದ್ದಿತ್ತು, ತಿಕ್ಕಿ ತೊಳೆದೆ. ಎರಡು ಸಲ.

ಮಾರ್ಚ್ ೧೮, ಸೋಮವಾರ

ಕಣ್ಣಾಸ್ಪತ್ರೆ. ಬೆಂಚುಗಳು ಕುಂಟು, ಫ್ಯಾನು ಕುಂಟು, ಸರದಿ ಕರೆಯುವವಳ ದನಿ ಅವಳಿಗೇ ಕೇಳದು. ಡಾಕ್ಟರು ಮಾತ್ರ ಪರವಾಗಿಲ್ಲ, ಬೇಗ ಮುಗಿಸಿದರು. ಒಂದು ಕಣ್ಣಿನ ನಡುಭಾಗ ಹೋದದ್ದು ಹೋಯಿತು. ಇನ್ನೊಂದನ್ನು ಇಂಜೆಕ್ಷನ್ ಕೊಟ್ಟು ಈಗಿರುವಷ್ಟಕ್ಕೆ ನಿಲ್ಲಿಸಲು ನೋಡಬಹುದು. ಅಂಚಿನ ನೋಟ ಉಳಿಯುತ್ತದೆ, ಓಡಾಡುವುದಕ್ಕೆ ತೊಂದರೆಯಿಲ್ಲ. ಇನ್ನೊಂದಾರು ತಿಂಗಳು ಮೊದಲೇ ಬಂದಿದ್ದರೆ ಎಂದರು. ಅಕ್ಕ ಭಾವನ ಕಡೆ ನೋಡಿದಳು. ನನಗೆ ಅನ್ನುವುದು ಬೇಕಾದಷ್ಟಿತ್ತು.

ಇಂಜೆಕ್ಷನ್‌ಗೆ ತಿಂಗಳಿಗೊಮ್ಮೆ ಕರೆದುಕೊಂಡು ಬರಬೇಕು. ಅಕ್ಕನಿಗೆ ಬಸ್ಸು ಹತ್ತಿದರೆ ವಾಂತಿ.

ಮಾರ್ಚ್ ೨೧, ಗುರುವಾರ

ಗಿರಣಿಯವನ ಶಾಫ್ಟು ಮುಗಿಯಿತು. ಲೇತಿನ ಮುಂದೆ ನಾನು, ಭಾವ ಆಚೆ ಬದಿ ಗೇರುಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ನಿಂತರು. ಎಷ್ಟೋ ದಿನಗಳ ಮೇಲೆ ನನ್ನ ಕೈಯಲ್ಲಿ ಉಕ್ಕು ಸಿಪ್ಪೆ ಬಿಟ್ಟುಕೊಂಡು ಬಂತು, ನೀಲಿ ಬಣ್ಣಕ್ಕೆ ತಿರುಗಿದ ಉದ್ದುದ್ದ ಸಿಪ್ಪೆ. ಯಂತ್ರ ಹಳೆಯದು, ಸದ್ದು ಜಾಸ್ತಿ, ಹಿಡಿಗಳೆಲ್ಲ ಸಡಿಲ. ಕಾರ್ಖಾನೆಯ ಲೇತಿನ ಕಾಲಿನ ಧೂಳಿಗೂ ಸಮವಲ್ಲ. ಆದರೂ ಸಂಜೆಯವರೆಗೆ ಊಟದ ನೆನಪಾಗಲಿಲ್ಲ.

ಭಾವನದು ಒಂದೇ ಕಾಟ. ಮೋಟರು ಹಾಕುವ ಮುಂಚೆ ಪ್ರತಿ ಸಲ, "ಕೀ ತೆಗೆದ್ಯಾ?" ತೆಗೆದೆ ಎಂದು ಪ್ರತಿ ಸಲ ಹೇಳಬೇಕು. ಚಿಕ್ಕ ಮಕ್ಕಳ ಶಾಲೆಯೇ ಇದು ಎಂದು ಒಮ್ಮೆ ರೇಗಿದೆ. ಮಧ್ಯಾಹ್ನದ ಮೇಲೆ ಇನ್ನೊಮ್ಮೆ ಕೇಳಿದಾಗ, ತೆಗೆದೆ ಎಂದು ಬಾಯಿ ತೆರೆದವಳು ನೋಡಿದರೆ ಕೀ ಚಕ್ಕಿನಲ್ಲೇ ಇತ್ತು. ತೆಗೆದೆ. ಅವರಿಗೆ ಕಂಡಿರಲಾರದು. ತೆಗೆಯುವ ಸದ್ದು ಕೇಳಿರಬಹುದು. ನಕ್ಕರೇನೋ ಎಂದು ನೋಡಿದೆ, ನಗಲಿಲ್ಲ.

ಮನೆ ಮಾಲೀಕರು ಫೋನು ಮಾಡಿದ್ದರು, ಕೋಣೆಗೆ ಯಾವಾಗ ವಾಪಸು ಎಂದು. ಕೈಯಲ್ಲಿ ಎಣ್ಣೆಯಾಗಿದೆ, ಆಮೇಲೆ ಮಾತಾಡುತ್ತೇನೆ ಎಂದೆ.

ಮಾರ್ಚ್ ೨೪, ಭಾನುವಾರ

ಗಿರಣಿ ಶುರುವಾಗಿದೆ, ಬಂದು ನೋಡಿ ಎಂದು ಗಿರಣಿಯವನು ಹೇಳಿಕಳಿಸಿದ. ಭಾವನಿಗೆ ಹೋಗಬೇಕು. ಆಸ್ಪತ್ರೆಗೆ ಹೋದದ್ದು ಬಿಟ್ಟರೆ ಹೊರಗೆ ಕಾಲಿಟ್ಟು ತಿಂಗಳುಗಳಾದವು. ಅಕ್ಕ ಕೈ ಹಿಡಿಯಲು ಬಂದರೆ ಕೊಡವಿಕೊಂಡು, ನನಗೇನಾಗಿದೆ ಎಂದು ಗುಡುಗಿದರು. ನನ್ನೊಡನೆ ಹೊರಟರು. ಬೀದಿಯೆಂದರೆ ಅದೂ ಒಂದು ಬೀದಿಯೇ! ನಡುವೆ ಅಗೆದ ಗುಂಡಿ, ಪಕ್ಕದಲ್ಲಿ ಕಲ್ಲಿನ ರಾಶಿ, ಅಡ್ಡಾದಿಡ್ಡಿ ನಿಲ್ಲಿಸಿದ ಸೈಕಲ್ಲುಗಳು. ಮೊದಲನೇ ತಿರುವಿನಲ್ಲೇ ಅವರು ಒಂದು ಕಲ್ಲಿಗೆ ಎಡವಿ, ಎಡವಲೇ ಇಲ್ಲ ಎಂಬಂತೆ ನಿಂತು ಕೆಮ್ಮಿದರು.

"ಭಾವ, ನನಗೆ ಮೊಣಕಾಲು ನೋಯ್ತಾ ಇದೆ. ಸ್ವಲ್ಪ ಕೈ ಕೊಡ್ತೀರಾ?" ಎಂದೆ.

"ಅಷ್ಟೊಂದು ನಿಂತ್ಕೊಂಡು ಕೆಲಸ ಮಾಡಿದ್ರೆ ನೋಯದೆ ಇನ್ನೇನಾಗುತ್ತೆ, ಹಿಡ್ಕೋ," ಎಂದು ತೋಳು ಚಾಚಿದರು. ಹಿಡಿದುಕೊಂಡೆ. ಗುಂಡಿ ಬಂದಾಗ ನಾನು ಎಡಕ್ಕೆ ವಾಲಿದರೆ ಅವರೂ ವಾಲಿದರು. ಕುಂಟುವವರ ಜೊತೆ ನಡೆಯುವುದು ಎಷ್ಟು ಕಷ್ಟವೆಂದು ದಾರಿಯುದ್ದಕ್ಕೂ ಗೊಣಗಿದರು.

ಗಿರಣಿಯಲ್ಲಿ ಶಾಫ್ಟು ಸದ್ದಿಲ್ಲದೆ ತಿರುಗುತ್ತಿತ್ತು. ಭಾವ ಶಾಫ್ಟು ಕೂತಿದ್ದ ಬೇರಿಂಗಿನ ಕವಚದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಯಾರು ಮಾಡಿದ್ದು ಎಂದು ಗಿರಾಕಿಯೊಬ್ಬಳು ಕೇಳಿದಳು. ನಾವೇ, ಎಂದರು ಭಾವ. ಗಿರಣಿಯವನು ಮುಂದಿನ ವಾರ ಇನ್ನೊಂದು ಕೆಲಸ ತರುತ್ತಾನಂತೆ. ಆ ದಡ್ಡನ ಹಿಟ್ಟೆಲ್ಲ ನನ್ನ ಸೀರೆಗೆ.

ಮನೆಗೆ ಬಂದ ಕೂಡಲೇ ಭಾವ ಅಕ್ಕನಿಗೆ ಹೇಳಿಬಿಟ್ಟಿದ್ದಾರೆ, ನಿನ್ನ ತಂಗಿಗೆ ಮೊಣಕಾಲು ಪೂರ್ತಿ ಹೋಗಿದೆ, ಒಬ್ಬಳನ್ನೇ ಎಲ್ಲೂ ಕಳಿಸಬೇಡ ಎಂದು. ಈಗ ಅಕ್ಕ ಎಣ್ಣೆ ಬಿಸಿ ಮಾಡಿ ತಂದು, ಸೀರೆ ಮೇಲೆತ್ತು ಎಂದು ಮುಂದೆ ಕೂತಿದ್ದಾಳೆ. ಇವಳು ತಿಕ್ಕುವ ರೀತಿಗೆ ಚೆನ್ನಾಗಿರುವ ಮೊಣಕಾಲೂ ನಿಜಕ್ಕೂ ನೋಯುತ್ತದೆ. ನಾಳೆಯಿಂದ ಕುಂಟಬೇಕು. ಯಾವ ಕಾಲೆಂದು ಹೇಳಿದೆನೋ, ಅದೇ ನೆನಪಿಲ್ಲ.